ಪ್ರಾರ್ಥನೆ ಕಡಿಯುವವರು

ಗಾವಾಜಾ ರಿಖೋತ್ಸೋ ನಮ್ಮ ಚರ್ಚಿನ ಸಭೆಗೆ ಬಂದದ್ದು ಭಕ್ತಿಯಿಂದಲ್ಲ, ಬೇಸತ್ತು. ಇದನ್ನು ಅವಳೇ ಹೇಳಿದಳು, ಯಾರೂ ಕೇಳುವ ಮೊದಲು. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ, ತಮ್ಮ ಖಜಾಮುಲಾನ ಅಂಗಳದ ಅಂಚಿನಲ್ಲಿ ಒಂದು ದುಂಡು ಗುಡಿಸಲು ಕಟ್ಟಿಕೊಂಡು ಮಗನೊಂದಿಗೆ ಇದ್ದಳು. ಕಡಲೆಕಾಯಿ ಬೆಳೆಯುತ್ತಿದ್ದಳು. ಮಳೆ ಸರಿಯಾಗಿ ಬಿದ್ದ ವರ್ಷ ಮೊಪಾನೆ ಮರಗಳ ಹುಳು ಆಯ್ದು, ಬೇಯಿಸಿ ಒಣಗಿಸಿ, ಗಿಯಾನಿ ಪೇಟೆಯಲ್ಲಿ ಟ್ಯಾಕ್ಸಿ ನಿಲ್ಲುವ ಕಡೆ ಕೂತು ಮಾರುತ್ತಿದ್ದಳು. ಉದ್ದಕ್ಕೆ, ಸಣಕಲಾಗಿ ಇದ್ದಳು. ದನಿ ಮಾತ್ರ ದಪ್ಪ.

ರಿಖೋತ್ಸೋ ಮನೆತನದಲ್ಲಿ ಅವಳೇ ಹಿರಿಯ ಹೆಣ್ಣುಮಗಳು. ತೀರಿಹೋದ ಹಿರಿಯರಿಗೆ ಎಡೆಯಿಟ್ಟು ಅವರನ್ನು ಮಾತಾಡಿಸುವ ಕೆಲಸ ನಮ್ಮ ಎಷ್ಟೋ ಮನೆಗಳಲ್ಲಿ ಇಂಥ ಸೋದರತ್ತೆಯ ಪಾಲಿನದು. ಮಗುವಿಗೆ ಜ್ವರ ಬಂದರೂ, ಯಾರಾದರೂ ಗಣಿಯ ಕೆಲಸಕ್ಕೆ ಹೊರಟರೂ, ಮರೂಲಾ ಹಣ್ಣಿನ ಹೊಸ ಹೆಂಡ ಇಳಿದರೂ ಅಂಗಳದ ಮರೂಲಾ ಮರದ ಬುಡದಲ್ಲಿ ಅವಳು ಕೂರಬೇಕು. ಹೆಂಡವನ್ನು ಬಾಯಿಗೆ ತುಂಬಿಕೊಂಡು ನೆಲಕ್ಕೆ ಉಗಿದು, ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಹರೆಯ ಕಳೆದಂದಿನಿಂದ ಅವಳು ಅದನ್ನು ಮಾಡಿಕೊಂಡು ಬಂದಿದ್ದಳು.

"ಸಾಕಾಗೋಯ್ತು ಟೀಚರಮ್ಮ," ಎಂದಳು ಮೊದಲ ದಿನ. "ಅವರಿಗೆ ಕೇಳೋದೊಂದೇ ಗೊತ್ತು. ಹೆಂಡ ಕೇಳ್ತಾರೆ, ಕೋಳಿ ಕೇಳ್ತಾರೆ. ಕೊಡೋ ಮಾತೇ ಇಲ್ಲ. ನಿಮ್ಮೋನು ಏನು ಕೇಳ್ತಾನೆ?"

ದಿನಾ ಬೆಳಿಗ್ಗೆ ಎದ್ದು ಅವನೊಂದಿಗೆ ಮಾತಾಡಬೇಕು, ಮೊದಲಿಗೆ ಅಷ್ಟೇ, ಎಂದೆ.

"ಅಗ್ಗಕ್ಕೇ ಆಯ್ತು," ಎಂದಳು.

ದೀಕ್ಷಾಸ್ನಾನಕ್ಕೆ ಸಿದ್ಧವಾಗುವವರಿಗೆ ಪಾಠ ಹೇಳುವ ಕೆಲಸವನ್ನು ಶಾಲೆಯಿಂದ ನಿವೃತ್ತಳಾದ ವರ್ಷವೇ ನನಗೆ ಹೊರಿಸಿದ್ದರು. ಈಸ್ಟರ್ ಹಬ್ಬದಿಂದ ಈಸ್ಟರ್ ಹಬ್ಬಕ್ಕೆ ಒಂದು ವರ್ಷದ ಪಾಠ. ಬರುವವರಲ್ಲಿ ಓದು ಬಲ್ಲವರು ಕಡಿಮೆ. ಹಾಡಿನ ಹೊತ್ತಿಗೆ ಅಳುವವರು, ಅಂಗಾತ ಬೀಳುವವರು ಬೇಕಾದಷ್ಟು ಜನ. ಅದರಿಂದ ನನಗೆ ಯಾವ ಸಂತೋಷವೂ ಇರಲಿಲ್ಲ. ನಂಬಿಕೆ ಬರುತ್ತದೆ, ಹೋಗುತ್ತದೆ; ಅಭ್ಯಾಸವಿದ್ದರೆ ಅದು ಮತ್ತೆ ಬಂದಾಗ ಕೂರಲು ಒಂದು ಮಣೆಯಾದರೂ ಇರುತ್ತದೆ. ಹಾಗಾಗಿ ನಾನು ಕಲಿಸುತ್ತಿದ್ದದ್ದು ಅಭ್ಯಾಸವನ್ನೇ. ಅಂಗಳ ಗುಡಿಸುವ ಮುಂಚೆ ಪ್ರಾರ್ಥನೆ, ವಾರಕ್ಕೊಂದು ಬೈಬಲ್ ವಚನ ಬಾಯಿಪಾಠ, ಉಣ್ಣುವಾಗ ಸ್ತೋತ್ರ, ಬುಧವಾರದ ಕೂಟ ತಪ್ಪಿಸಬಾರದು. ಹೆಚ್ಚಿನವರು ಎರಡನೆಯ ವಾರಕ್ಕೆ ಬಿಡುತ್ತಿದ್ದರು, ಬಿಟ್ಟದ್ದನ್ನು ಹೇಳುತ್ತಿರಲಿಲ್ಲ.

ಗಾವಾಜಾ ಬಿಡಲಿಲ್ಲ. ಅವಳಿಗೆ ಇದು ಹೊಸ ಕೆಲಸವೇ ಅಲ್ಲ, ಹಳೆಯ ಕೆಲಸ, ಹೊಸ ಯಜಮಾನ. ಒಂದೇ ತೊಂದರೆಯೆಂದರೆ ಅವಳು ದೇವರನ್ನು ಬೈಯುತ್ತಿದ್ದಳು. ಹಿರಿಯರನ್ನು ನಾಲ್ಕು ಮಾತು ಬೈದು ಕರೆಯದಿದ್ದರೆ ಅವರು ಕಿವಿಗೊಡುವುದಿಲ್ಲವೆಂಬುದು ನಮ್ಮವರ ಲೆಕ್ಕ. ಹಾಗೆ ಮಾಡಬಾರದೆಂದು ಹೇಳಿದೆ. ಅವನಿಗೆ ಕಿವಿ ಚೆನ್ನಾಗಿ ಕೇಳುತ್ತದೆಯೇ ಎಂದು ಕೇಳಿದಳು, ಹೌದೆಂದೆ, ಬೈಯುವುದನ್ನು ಬಿಟ್ಟಳು.

ಆಮೇಲೆ ಒಂದು ಬುಧವಾರದ ಕೂಟದಲ್ಲಿ ಸಭೆಯ ಹಿರಿಯರಾದ ಮಬುಂಡಾ ಅವಳಿಗೆ ಪ್ರಾರ್ಥನೆ ಮಾಡಲು ಹೇಳಿದರು. ಮಬುಂಡಾ ಹಿಂದೆ ರೈಲ್ವೆಯಲ್ಲಿ ಮೇಸ್ತ್ರಿಯಾಗಿದ್ದವರು. ಹೊತ್ತು ಹೊತ್ತಿಗೆ ಆಗಬೇಕಾದ್ದು ಆಗಲೇಬೇಕು ಎನ್ನುವ ಮನುಷ್ಯ. ಗಾವಾಜಾ ಎದ್ದು ನಿಂತು ಶುರು ಮಾಡಿದಳು. ಮಳೆ ಕೇಳಿದಳು. ರೋಗಿಗಳನ್ನು ನೆನೆದಳು. ಊರಿನ ನಲ್ಲಿಯ ಪೈಪು ಒಡೆದದ್ದನ್ನು ಒಡೆದ ಜಾಗದ ಗುರುತು ಸಹಿತ ಹೇಳಿದಳು. ಮಗನ ಕುಡಿತ, ಮೇಕೆಗಳ ಕಾಲುಬೇನೆ, ಗಡಿಯಾಚೆ ಮೊಜಾಂಬಿಕ್‌ನಲ್ಲಿರುವ ಚಿಕ್ಕಮ್ಮನ ಮಕ್ಕಳು, ಅವರ ಮಕ್ಕಳು. ಮಬುಂಡಾ ಕೆಮ್ಮಿದರು. ಇನ್ಯಾರೋ ಗಟ್ಟಿಯಾಗಿ "ಆಮೆನ್" ಎಂದರು. ಅವಳು ಅದನ್ನು ಒಪ್ಪಿಗೆಯೆಂದು ತಿಳಿದು ಇನ್ನಷ್ಟು ದನಿ ಏರಿಸಿದಳು. ಹೊತ್ತು ಮುಳುಗಿತು. ಮನೆಯಲ್ಲಿ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟು ಬಾಗಿಲು ನೋಡತೊಡಗಿದರು. ಕಡೆಗೆ ಅವಳು ನಿಲ್ಲಿಸಿದ್ದು ದನಿ ಒಡೆದಿದ್ದರಿಂದ.

ಹೊರಗೆ ಮಬುಂಡಾ ನನ್ನನ್ನು ನಿಲ್ಲಿಸಿ, ಇದು ಜಂಬ, ತನಗೆ ಪ್ರಾರ್ಥನೆ ಬರುತ್ತದೆಂದು ತೋರಿಸುವ ಜಂಬ, ಎಂದರು. ನಾನೂ ಹಾಗೇ ತಿಳಿದು ದಾರಿಯಲ್ಲಿ ಗಾವಾಜಾಳನ್ನು ಗದರಿದೆ. ಮುಗಿದ ಮೇಲೆ ಆಮೆನ್ ಎಂದು ಕೂರಲು ಏನು ಕಷ್ಟ ಎಂದು ಕೇಳಿದೆ.

ಅವಳು ನಿಂತುಬಿಟ್ಟಳು. "ಯಾರೂ ಕಡೀಲಿಲ್ಲವಲ್ಲ ಟೀಚರಮ್ಮ. ನನ್ನ ಕಾಲು ಬಿದ್ದೋಗ್ತಿತ್ತು. ಈ ಜನಕ್ಕೆ ಕರುಣೆ ಇಲ್ವಾ ಅಂದ್ಕೊಂಡೆ."

ಆಗ ಅರ್ಥವಾಯಿತು. ಮರದ ಬುಡದಲ್ಲಿ ಸೋದರತ್ತೆ ಹಿರಿಯರನ್ನು ಕರೆಯುವಾಗ, ಆ ಮನೆಯ ಹೆಣ್ಣುಮಕ್ಕಳಿಗೆ ಹುಟ್ಟಿದ ಗಂಡುಮಕ್ಕಳು ಹಿಂದೆ ಕೂತಿರುತ್ತಾರೆ. ಮಾತು ಸಾಕೆನಿಸಿದಾಗ ಅವರಲ್ಲೊಬ್ಬ ಥಟ್ಟನೆ ನುಗ್ಗಿ ಎಡೆಗಿಟ್ಟ ಮಾಂಸವನ್ನೋ ಹೆಂಡದ ಸೋರೆಬುರುಡೆಯನ್ನೋ ಕಸಿದುಕೊಂಡು ಓಡುತ್ತಾನೆ. ಎಲ್ಲರೂ ನಗುತ್ತ, ಬೈಯುತ್ತ, ಮಣ್ಣುಹೆಂಟೆ ಎಸೆಯುತ್ತ ಅಟ್ಟಿಸಿಕೊಂಡು ಹೋಗುತ್ತಾರೆ. ಇದಕ್ಕೆ ಪ್ರಾರ್ಥನೆ ಕಡಿಯುವುದು ಎನ್ನುತ್ತಾರೆ. ಕಡಿಯುವವರೆಗೆ ಮಾತಾಡುವವಳು ನಿಲ್ಲಿಸುವಂತಿಲ್ಲ. ದೊಡ್ಡವರ ಎದುರಿಂದ ಅವರು ಬಿಡುವ ಮುಂಚೆ ತಾನೇ ಎದ್ದು ಬರುವುದು ಸೊಕ್ಕು. ನಾನು ಮಿಷನ್ ಶಾಲೆಯಲ್ಲಿ ಬೆಳೆದವಳು, ಇದನ್ನು ಬಲ್ಲೆ, ಆದರೆ ನೋಡಿ ಬಲ್ಲೆ. ಗಾವಾಜಾಳಿಗೆ ಅದು ಮೈಗೆ ಹತ್ತಿತ್ತು. ಎಷ್ಟೋ ವರ್ಷ ಅವಳ ಪ್ರಾರ್ಥನೆಯನ್ನು ಕಡಿದವನು ಅವಳ ಮಗ ರಿಸಿಮಾತಿಯೇ. ಆ ಮನೆತನಕ್ಕೆ ಅವನೇ ಹೆಣ್ಣುಮಗಳ ಮಗ. ಊರಿನಲ್ಲಿ ಅವನಷ್ಟು ಚುರುಕಾಗಿ ಕೋಳಿಯ ತೊಡೆ ಹಾರಿಸಿಕೊಂಡು ಓಡುವವರು ಇರಲಿಲ್ಲವೆಂದು ಹೆಮ್ಮೆಯಿಂದ ಹೇಳಿದಳು.

ನಮ್ಮಲ್ಲಿ ಹಾಗಿಲ್ಲ, ನೀನೇ ಶುರು ಮಾಡಬೇಕು, ನೀನೇ ಮುಗಿಸಬೇಕು ಎಂದೆ. ತಲೆಯಾಡಿಸಿದಳು. ಆದರೆ ಮುಂದಿನ ಬುಧವಾರಗಳಲ್ಲಿ ಮಬುಂಡಾ ಅವಳನ್ನು ಕರೆಯಲೇ ಇಲ್ಲವಾದ್ದರಿಂದ ಕಲಿತಳೋ ಇಲ್ಲವೋ ಗೊತ್ತಾಗಲಿಲ್ಲ.

ಫೆಬ್ರವರಿಯಲ್ಲಿ ಮರೂಲಾ ಹಣ್ಣು ಉದುರಿತು. ಹೊಸ ಹೆಂಡ ಇಳಿದ ದಿನ ಖಜಾಮುಲಾ ಅಕ್ಕನನ್ನು ಮರದ ಬುಡಕ್ಕೆ ಕರೆದ. ಅವಳು ಹೋಗಲಿಲ್ಲ. ತನ್ನ ಮೊಮ್ಮಗನಿಗೆ ಮೈ ಸರಿಯಿಲ್ಲ, ಹಿರಿಯರಿಗೆ ಒಂದು ಮಾತಾದರೂ ಹೇಳು ಎಂದ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಾನು ಸಿದ್ಧ, ಮರದ ಹತ್ತಿರ ಮಾತ್ರ ಬರುವುದಿಲ್ಲ ಎಂದಳು. ಅವನು ನೆರೆಹೊರೆಯವರೆಲ್ಲ ಹೆಂಡದ ಮಡಕೆಯ ಸುತ್ತ ಕೂತಿರುವಾಗ ಅವಳ ಗುಡಿಸಲಿನ ಮುಂದೆ ಬಂದು ನಿಂತ.

"ಅಕ್ಕಾ, ಕೇಳ್ಕೋ. ನಮ್ಮ ಹಿರಿಯರನ್ನ ಮಾತಾಡ್ಸದೋಳು ನಾಳೆ ಅವರ ಪಕ್ಕ ಮಲಗೋ ಹಾಗಿಲ್ಲ. ನಿನ್ನ ಹೆಣ ನಿನ್ನ ಚರ್ಚಿನೋರೇ ಹೊರಲಿ."

ಇದು ಹಗುರವಾದ ಮಾತಲ್ಲ. ನಮ್ಮಲ್ಲಿ ಮುದುಕಿಯೊಬ್ಬಳು ಹಸಿವಿಗೆ ಹೆದರುವುದಕ್ಕಿಂತ ಹೆಚ್ಚಾಗಿ ತನ್ನನ್ನು ಮಣ್ಣು ಮಾಡುವವರಿಲ್ಲದಿರುವುದಕ್ಕೆ ಹೆದರುತ್ತಾಳೆ. ಸಭೆಯ ಹೆಂಗಸರ ಗುರುವಾರದ ಕೂಟ ಸಾವಿನ ಮನೆಗೆ ಹೋಗಿ ಅಡಿಗೆ ಮಾಡುತ್ತದೆ, ಹಾಡುತ್ತದೆ, ಹೆಣ ಹೊರುತ್ತದೆ. ಆದರೆ ದೀಕ್ಷಾಸ್ನಾನ ಆಗದವರಿಗಾಗಿ ಅವರು ಸಮವಸ್ತ್ರ ತೊಡುವುದಿಲ್ಲ, ಚರ್ಚಿನ ನೆಲದಲ್ಲಿ ಗುಂಡಿಯೂ ತೋಡುವುದಿಲ್ಲ. ಗಾವಾಜಾ ಮರುದಿನ ನನ್ನ ಮನೆಗೆ ಬಂದು ಇದನ್ನು ಖಚಿತ ಮಾಡಿಕೊಂಡಳು. ಈ ಈಸ್ಟರಿಗೆ ತನ್ನ ತಲೆಗೆ ದೀಕ್ಷೆಯ ನೀರು ಬೀಳಲೇಬೇಕು ಎಂದಳು. ಅವಳ ಎದೆಯಲ್ಲಿ ಆಗಲೇ ಗೊರಗೊರ ಸದ್ದಿತ್ತು. ಇನ್ನೊಂದು ವರ್ಷ ಕಾಯುವಷ್ಟು ಭರವಸೆ ಅವಳಿಗೆ ತನ್ನ ಮೈಮೇಲೆ ಇರಲಿಲ್ಲ.

ಅಷ್ಟರಲ್ಲಿ ಟೀ ಲೋಟದ ಸಂಗತಿ ಹೊರಬಿತ್ತು. ಮಬುಂಡಾ ಮುಂಜಾನೆ ನೀರಿಗೆ ಹೋಗುವ ದಾರಿ ಅವಳ ಬೇಲಿಯ ಪಕ್ಕದಲ್ಲೇ ಇತ್ತು. ಅವರು ಕಂಡದ್ದಿಷ್ಟು: ಗಾವಾಜಾ ಗುಡಿಸಲಿನ ಮುಂದೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಮಾತಾಡುತ್ತಿದ್ದಾಳೆ. ಮುಂದೆ ಒಂದು ಲೋಟ ಟೀ, ಒಂದು ತಟ್ಟೆ ಹುರಿದ ಕಡಲೆಕಾಯಿ. ರಿಸಿಮಾತಿ ಒಳಗಿನಿಂದ ಬಂದು ಹಿಂದೆ ಕೂತ. ಸ್ವಲ್ಪ ಹೊತ್ತಿಗೆ ನುಗ್ಗಿ ಟೀಯನ್ನೂ ಕಡಲೆಕಾಯಿಯನ್ನೂ ಎತ್ತಿಕೊಂಡು ಗೇಟಿನ ಕಡೆ ಓಡಿದ. ಅವಳು ಅವನ ಹಿಂದೆ ಒಂದು ಮಣ್ಣುಹೆಂಟೆ ಎಸೆದು, ಎದ್ದು, ಪೊರಕೆ ಹಿಡಿದಳು.

ಹಳೆಯ ಪೂಜೆಯೇ, ಹೆಸರು ಮಾತ್ರ ಬೇರೆ, ಎಂದು ಮಬುಂಡಾ ದೂರು ಕೊಟ್ಟರು. ತಿಂಗಳಿಗೊಮ್ಮೆ ತಮ್ಮ ಹಳೆಯ ಪಿಕಪ್ ಗಾಡಿಯಲ್ಲಿ ಬರುತ್ತಿದ್ದ ಪಾದ್ರಿ ಶಿಲುಬಾನೆ, ಮಬುಂಡಾ, ನಾನು ಚರ್ಚಿನ ಹಿಂದಿನ ಕೋಣೆಯಲ್ಲಿ ಕೂತು ಅವಳನ್ನು ಕರೆಸಿದೆವು. ಪಾದ್ರಿ ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಯಾರೊಂದಿಗೆ ಮಾತಾಡುತ್ತೀರಿ ಎಂದು ಕೇಳಿದರು. ಪರಲೋಕದಲ್ಲಿರುವ ತಂದೆಯೊಂದಿಗೆ ಎಂದಳು. ಹಿರಿಯರ ಹೆಸರು ಹೇಳುತ್ತೀರೋ ಎಂದದ್ದಕ್ಕೆ, ಮೊದಮೊದಲು ಒಂದೆರಡು ಹೆಸರು ಬಾಯಿಗೆ ಬಂದದ್ದುಂಟು, ರೂಢಿಯಾದ ನೆಂಟರು ಕೇಳದೆ ಒಳಗೆ ಬರುವ ಹಾಗೆ; ಈಗ ಇಲ್ಲ, ಎಂದಳು.

"ಹಾಗಾದ್ರೆ ಆ ಟೀ ಯಾರಿಗಮ್ಮಾ?" ಎಂದರು ಮಬುಂಡಾ.

"ಮಗನಿಗೆ. ಗ್ಯಾರೇಜ್ ಕೆಲಸಕ್ಕೆ ಖಾಲಿ ಹೊಟ್ಟೇಲಿ ಹೋಗ್ಬೇಕಾ?"

"ಕೈಯಲ್ಲಿ ಕೊಡು. ಕದಿಯೋದು ಯಾಕೆ?"

"ಕದೀದಿದ್ರೆ ಕಡಿಯೋರು ಯಾರು ಅಪ್ಪಾಜಿ? ನೀವು ಬರ್ತೀರಾ?"

ಪಾದ್ರಿ ಕಿಟಕಿಯ ಕಡೆ ತಿರುಗಿದರು. ಮಬುಂಡಾ ನಗಲಿಲ್ಲ. ಅವರ ವಾದದಲ್ಲಿ ಹುರುಳಿತ್ತು. ಎಡೆ, ಹೆಣ್ಣುಮಗಳ ಮಗ, ಕಸಿದು ಓಡುವುದು ಇಷ್ಟೂ ಉಳಿದ ಮೇಲೆ ಹೋದದ್ದೇನು? ಇವತ್ತು ಕಡಲೆಕಾಯಿ, ನಾಳೆ ಮನೆಯಲ್ಲಿ ಯಾರಾದರೂ ಸತ್ತರೆ ಕೋಳಿ. ನಾನು ಅವರ ಪಕ್ಷ ವಹಿಸಿದೆ, ಬೇರೆ ಕಾರಣಕ್ಕೆ. ಇನ್ನೊಬ್ಬ ಬಂದು ನಿಲ್ಲಿಸಬೇಕಾದ ಪ್ರಾರ್ಥನೆ ಇನ್ನೂ ಅವಳ ಸ್ವಂತದ್ದಾಗಿಲ್ಲ. ಮಗ ಕೆಲಸ ಹುಡುಕಿ ಪ್ರಿಟೋರಿಯಾಕ್ಕೆ ಹೋದರೆ ಅವಳ ಅಭ್ಯಾಸ ಅಲ್ಲಿಗೇ ಮುಗಿಯುತ್ತದೆ. ನನ್ನ ಅಭಿಪ್ರಾಯ ಈಗಲೂ ಅದೇ. ಈಸ್ಟರಿನವರೆಗೆ ಮಗ ಅವಳ ಪ್ರಾರ್ಥನೆಯ ಹತ್ತಿರ ಬರಬಾರದು, ಈಸ್ಟರಿನ ಹಿಂದಿನ ಶನಿವಾರ ಎಲ್ಲರ ಮುಂದೆ ಎಲ್ಲ ಅಭ್ಯರ್ಥಿಗಳಂತೆ ಅವಳೂ ಪ್ರಾರ್ಥಿಸಿ ತಾನೇ ಮುಗಿಸಬೇಕು, ಇಲ್ಲವಾದರೆ ಮುಂದಿನ ವರ್ಷ, ಎಂದು ತೀರ್ಮಾನವಾಯಿತು. ಗಾವಾಜಾ ಸರಿಯೆಂದಳು. ಹೊರಗೆ ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ನಿಂತಳು.

ಆಮೇಲಿನ ವಾರಗಳು ಅವಳಿಗೆ ಸುಲಭವಾಗಿರಲಿಲ್ಲ. ಮೊದಲ ಬೆಳಿಗ್ಗೆ ಅವಳು ಬಿಸಿಲೇರುವವರೆಗೆ ಕೂತಿದ್ದಳೆಂದೂ ಮೇಕೆಗಳು ದೊಡ್ಡಿಯಲ್ಲೇ ಅರಚುತ್ತಿದ್ದವೆಂದೂ ರಿಸಿಮಾತಿ ಬಂದು ಹೇಳಿದ. ಅವನಿಗೆ ಕೋಪ ಬಂದಿತ್ತು. "ನಮ್ಮಮ್ಮನ್ನ ಬಾವಿಗೆ ಇಳಿಸಿ ಹಗ್ಗ ಕಿತ್ಕೊಂಡ್ರಿ," ಎಂದ. ನಾನು ಕೆಲವು ಬೆಳಿಗ್ಗೆ ಹೋಗಿ ಅವಳ ಜೊತೆ ಕೂತೆ. ಹೇಳಬೇಕಾದ್ದು ಮುಗಿದಾಗ ನಿಲ್ಲಿಸು ಎಂದೆ. ಹೇಳಬೇಕಾದ್ದು ಮುಗಿಯುವುದಾದರೂ ಹೇಗೆ ಎಂದು ಕೇಳಿದಳು. ಗುಡಿಸುತ್ತ ಪ್ರಾರ್ಥಿಸು, ಅಂಗಳ ಮುಗಿದಾಗ ಪ್ರಾರ್ಥನೆಯೂ ಮುಗಿಯಲಿ ಎಂದೆ. ಅದನ್ನೂ ಮಾಡಿ ನೋಡಿದಳು. ಪೊರಕೆ ಕೈಯಲ್ಲಿದ್ದರೆ ಬಾಯಿ ಬರೀ ಕಸದ ವಿಷಯವನ್ನೇ ಹೇಳುತ್ತದೆ ಎಂದಳು. ಒಮ್ಮೆ ನನ್ನ ಎದುರಿಗೆ "ಆಮೆನ್" ಎಂದು ಹೇಳಿ ಎದ್ದೂ ಎದ್ದಳು. ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ಕ್ಷಮೆ ಕೇಳಲು ಮತ್ತೆ ಕೂತಳು. ಆ ಕ್ಷಮೆಯೂ ಉದ್ದವಾಯಿತು.

ಖಜಾಮುಲಾ ಅಂಗಳದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದ. ಒಂದು ಮೇಕೆ ಕೊಟ್ಟು ಹಿರಿಯರ ಹತ್ತಿರ ತಪ್ಪಾಯಿತು ಅಂದರೆ ತನ್ನದೇನೂ ಅಡ್ಡಿಯಿಲ್ಲ, ಮೇಕೆ ತಾನೇ ಕೊಡುತ್ತೇನೆ ಎಂದು ಹೇಳಿ ಕಳಿಸಿದ. ಅವಳು ಉತ್ತರ ಕಳಿಸಲಿಲ್ಲ. ಬೇಡವೆಂದೂ ಹೇಳಲಿಲ್ಲ. ಶನಿವಾರ ಆಗಿಹೋಗಲಿ ಎಂದು ಕಾಯುತ್ತಿದ್ದಳೆಂದು ತಿಳಿದೆ.

ಶನಿವಾರ ಚರ್ಚು ತುಂಬಿತ್ತು. ತಗಡಿನ ಮಾಡಿನ ಕೆಳಗೆ ಸೆಖೆ. ಹಿಂದಿನ ರಾತ್ರಿಯಿಂದ ಉಪವಾಸವಿದ್ದವರೇ ಹೆಚ್ಚು. ಪರೀಕ್ಷೆಯಾದ ಮೇಲೆ ಹೊರಗೆ ದೊಡ್ಡ ಹಂಡೆಗಳಲ್ಲಿ ಬೆಂದ ಊಟ. ಉಳಿದ ಅಭ್ಯರ್ಥಿಗಳು ನಾನು ಕಲಿಸಿದ ನಾಲ್ಕು ವಾಕ್ಯ ಒಪ್ಪಿಸಿ ಆಮೆನ್ ಎಂದು ಕೂತರು. ಅವರಲ್ಲಿ ಕೆಲವರು ತಿಂಗಳುಗಟ್ಟಲೆ ಮನೆಯಲ್ಲಿ ಪ್ರಾರ್ಥನೆ ಮಾಡಿರಲಿಲ್ಲವೆಂಬುದು ನನಗೆ ಗೊತ್ತಿತ್ತು.

ಗಾವಾಜಾಳ ಸರದಿ ಕೊನೆಯದು. ಆ ನಾಲ್ಕು ವಾಕ್ಯವನ್ನು ಅವಳೂ ಹೇಳಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲು ಪ್ರಯತ್ನಿಸಿದ್ದೂ ಕಂಡಿತು. ತುಟಿ ಅಲ್ಲಾಡಿತು, ಸದ್ದು ಹೊರಡಲಿಲ್ಲ. ಆಮೇಲೆ ಮೊದಲಿನ ಆ ದಪ್ಪ ದನಿಯಲ್ಲಿ ಮುಂದುವರಿಸಿದಳು. ತಮ್ಮನ ಮೊಮ್ಮಗನ ಜ್ವರ. ಪಾದ್ರಿಗಳ ಗಾಡಿಯ ಕ್ಲಚ್ಚು. ಮಬುಂಡಾ ಅವರ ಮೊಣಕಾಲು, ಅದೂ ಎಡದ್ದು. ಮಳೆ, ಪೈಪು, ಮೇಕೆ. ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ಎರಡು ಕೈಯಲ್ಲೂ ಸೀರೆಯಂತೆ ಹೆಗಲಿಗೆ ಕಟ್ಟಿದ ಬಟ್ಟೆಯ ಅಂಚನ್ನು ಹಿಡಿದಿದ್ದಳು. ರಿಸಿಮಾತಿ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬಂದರೆ ಎಲ್ಲ ಕೆಟ್ಟೀತೆಂದು ಅವನಿಗೆ ಗೊತ್ತಿತ್ತು. ಗೋಡೆಗೆ ಹಣೆ ಒತ್ತಿ ನಿಂತಿದ್ದ. ಮಬುಂಡಾ ಪಾದ್ರಿಗಳ ಕಡೆ ನೋಡಿ ತಲೆ ಅಡ್ಡಕ್ಕೆ ಆಡಿಸಿದರು.

ಆಗ ಹೆಂಗಸರ ಸಾಲಿನಿಂದ ಹಾಡು ಎದ್ದಿತು. ಗುರುವಾರದ ಕೂಟದಲ್ಲಿ ಪ್ರತಿ ವಾರ ಹಾಡುವ ಹಾಡೇ. ಎತ್ತಿದವಳು ಮಿಸಾವೇನಿ, ಮಬುಂಡಾ ಅವರ ಹೆಂಡತಿ, ದಪ್ಪ ಮೈಯ, ಉಸಿರಿಗೆ ಕಷ್ಟಪಡುವ ಹೆಂಗಸು. ಒಂದು ಸಾಲು ಒಬ್ಬಳೇ ಹಾಡಿದಳು. ಎರಡನೆಯ ಸಾಲಿಗೆ ಹೆಂಗಸರೆಲ್ಲ ಸೇರಿದರು, ಚಪ್ಪಾಳೆ ಬಿತ್ತು, ಹಿಂದೆ ಯಾರೋ ತಮಟೆ ಹಿಡಿದರು. ಗಾವಾಜಾ ನಡುಮಾತಿನಲ್ಲೇ ಬಾಯಿ ಮುಚ್ಚಿದಳು. ಹಿಡಿದಿದ್ದ ಅಂಚನ್ನು ಬಿಟ್ಟಳು. ಹೊರೆ ಇಳಿಸಿದವಳ ಹಾಗೆ ಒಂದು ಸಲ ಕತ್ತು ಹೊರಳಿಸಿ, ತಾನೂ ಚಪ್ಪಾಳೆ ತಟ್ಟುತ್ತ ಹಾಡಿದಳು.

ಹಾಡು ಮುಗಿದ ಮೇಲೆ ಮಬುಂಡಾ ಎದ್ದರು. ಆಕೆ ತಾನೇ ಮುಗಿಸಲಿಲ್ಲ, ಆಮೆನ್ ಎನ್ನಲಿಲ್ಲ, ತೀರ್ಮಾನ ತೀರ್ಮಾನವೇ, ಎಂದರು. ಪಾದ್ರಿ ಮಿಸಾವೇನಿಯನ್ನು ನೋಡಿ, ಪ್ರಾರ್ಥನೆಯ ನಡುವೆ ಹಾಡಿದ್ದು ಯಾಕೆಂದು ಕೇಳಿದರು.

"ನಂಗೆ ಸಕ್ಕರೆ ಕಾಯಿಲೆ ಪಾಸ್ಟರೇ, ಕಣ್ಣು ಕತ್ತಲೆ ಬಂತು," ಎಂದಳು ಮಿಸಾವೇನಿ. "ಆದ್ರೂ ಕೇಳ್ತೀನಿ. ನಮ್ಮೆಜಮಾನ್ರು ಬೋಧನೆ ಎಳೆದಾಗೆಲ್ಲ ನಾವು ಹಾಡಿ ಕೂರಿಸ್ತೀವಿ. ಅವರು ಯಾವತ್ತು ತಾವಾಗೇ ಮುಗಿಸಿದಾರೆ? ಅವರಿಗೆ ಮತ್ತೆ ನೀರು ಹಾಕ್ತೀರಾ?"

ಇಡೀ ಚರ್ಚು ನಕ್ಕಿತು. ಅದು ನಿಜವೇ, ನಮ್ಮಲ್ಲಿ ಬೋಧಕ ಉದ್ದ ಎಳೆದರೆ ಹೆಂಗಸರು ಹಾಡು ಎತ್ತುತ್ತಾರೆ, ಅವನು ಕೂರುತ್ತಾನೆ, ಯಾರಿಗೂ ಬೇಸರವಿಲ್ಲ. ಪ್ರಾರ್ಥನೆಗೆ ಹಾಗೆ ಮಾಡಿದ್ದು ಅದೇ ಮೊದಲು. ಮಬುಂಡಾ ಹೆಂಡತಿಯನ್ನು ನೋಡಿದರು, ಕೂರಲಿಲ್ಲ. ಪಾದ್ರಿ ನಗು ಅಡಗುವವರೆಗೆ ಕಾದು, ಗಾವಾಜಾಳಿಗೆ ಈಗಲಾದರೂ ಆಮೆನ್ ಅನ್ನಿ, ಸಾಕು, ಎಂದರು.

ಅವಳ ಮುಖ ಪೆಚ್ಚಾಯಿತು. ಆ ಒಂದು ಮಾತಿನ ಮೇಲೆ ಏನು ನಿಂತಿದೆಯೆಂದು ಅಲ್ಲಿದ್ದವರೆಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು.

"ಹೇಳಬಹುದು ಪಾಸ್ಟರೇ," ಎಂದಳು. "ಆದ್ರೆ ಸುಳ್ಳಾಗತ್ತೆ. ಇವರು ಕಡಿದಾಯ್ತು, ಮೇಲಿರೋನು ನನ್ನ ಹೋಗು ಅಂತ ಬಿಟ್ಟಾಯ್ತು. ಮತ್ತೆ ಏನಂತ ಮುಗಿಸ್ಲಿ?"

ನಾನಾಗಿದ್ದರೆ ಅವಳನ್ನು ಮುಂದಿನ ವರ್ಷಕ್ಕೆ ಹಾಕುತ್ತಿದ್ದೆ. ಹೊರಗೆ ಹಂಡೆಯ ಮುಚ್ಚಳ ಯಾರೋ ತೆಗೆದರು, ಮಾಂಸದ ವಾಸನೆ ಒಳಗೆ ಬಂತು. ಆಮೇಲೆ ಪಾದ್ರಿ ಎದ್ದು, ಈ ತಾಯಿಯ ಪ್ರಾರ್ಥನೆಗೆ ನೀವು ಆಮೆನ್ ಅನ್ನುತ್ತೀರೋ ಎಂದು ಸಭೆಯನ್ನು ಕೇಳಿದರು. ಸಭೆ ಒಂದೇ ಸ್ವರದಲ್ಲಿ ಆಮೆನ್ ಎಂದಿತು. ಅದರಲ್ಲಿ ಹಸಿವಿನ ಪಾಲು ಎಷ್ಟೆಂದು ನಾನು ಹೇಳಲಾರೆ. ಮಬುಂಡಾ ಅವರ ತುಟಿಯೂ ಅಲ್ಲಾಡಿದ್ದನ್ನು ಕಂಡೆ.

ತೀರ್ಮಾನ ಎಲ್ಲಿಗೆ ಹೋಯಿತು ಎಂದು ಆಮೇಲೆ ಪಾದ್ರಿಗಳನ್ನು ಕೇಳಿದೆ. ಆಮೆನ್ ಮೊದಲಿನಿಂದಲೂ ಸಭೆಯ ಪಾಲಿನದು, ಪ್ರಾರ್ಥಿಸುವವನದಲ್ಲ. ನಾವೇ ಅದನ್ನು ಅವರಿಂದ ತೆಗೆದುಕೊಂಡಿದ್ದೆವು, ಎಂದರು. ಉತ್ತರ ಅನುಕೂಲಕ್ಕೆ ತಕ್ಕಂತಿತ್ತು. ಹುಡುಕಿದರೂ ಅದರಲ್ಲಿ ತಪ್ಪು ಸಿಗಲಿಲ್ಲ.

ಭಾನುವಾರ ಅವಳ ತಲೆಗೆ ನೀರು ಬಿತ್ತು. ಹೆಂಗಸರು ಸಮವಸ್ತ್ರದ ಬಟ್ಟೆ ಕೊಟ್ಟರು, ಅವಳು ಗುರುವಾರಗಳಲ್ಲಿ ಬಂದು ಕೂತು ಹಾಡು ಕಲಿತಳು, ಸಾವಿನ ಮನೆಗಳಲ್ಲಿ ಮುದ್ದೆ ತಿರುವಿದಳು. ಮುಂಜಾನೆಯ ಪ್ರಾರ್ಥನೆ ತಪ್ಪಿಸಲಿಲ್ಲ. ಅದನ್ನು ಯಾರು ಕಡಿಯುತ್ತಾರೆಂದು ನಾನು ವಿಚಾರಿಸಲಿಲ್ಲ. ಮಬುಂಡಾ ನೀರಿಗೆ ಹೋಗಲು ಬೇರೆ ದಾರಿ ಹಿಡಿದಿದ್ದರು.

ಅವಳು ಸತ್ತದ್ದು ಕೆಲವು ವರ್ಷಗಳ ಮೇಲೆ, ಚಳಿಗಾಲದಲ್ಲಿ, ಅದೇ ಎದೆಯ ಕಾಯಿಲೆಯಿಂದ. ಗುರುವಾರದ ಹೆಂಗಸರು ಬಂದು ಎಲ್ಲವನ್ನೂ ಕ್ರಮವಾಗಿ ಮಾಡಿದರು. ಚರ್ಚಿನ ನೆಲ ಆ ತಿಂಗಳಲ್ಲಿ ಕಲ್ಲಿನ ಹಾಗಿರುತ್ತದೆ. ಗಂಡಸರು ಹಾರೆ ಹಿಡಿದು ಗುಂಡಿ ತೋಡಿದರು. ಖಜಾಮುಲಾ ಗೇಟಿನವರೆಗೆ ಬಂದು, ಒಳಗೆ ಬರದೆ, ಬೇಲಿಯಾಚೆ ಕಂಬಳಿ ಹೊದ್ದು ಕೂತು ಎಲ್ಲವನ್ನೂ ನೋಡಿದ. ಊಟವನ್ನು ಅಲ್ಲಿಗೇ ತರಿಸಿಕೊಂಡು ತಿಂದ. ನಾನು ಹೊರಡುವಾಗ ಎದ್ದು ಬಂದು, ಅಕ್ಕನನ್ನು ಹೊತ್ತದ್ದು ಚೆನ್ನಾಗಿತ್ತು ಎಂದ. ಆಮೇಲೆ, ತನ್ನ ವಯಸ್ಸಿನ ಗಂಡಸರನ್ನೂ ಸಭೆಗೆ ಸೇರಿಸಿಕೊಳ್ಳುತ್ತಾರೋ, ಎಲ್ಲರೆದುರು ಮಾತಾಡಿಸದೆ, ಎಂದು ಕೇಳಿದ.

ಎಲ್ಲರೂ ಮಾತಾಡಲೇಬೇಕು, ಪಾಠ ಮಂಗಳವಾರ ಮಧ್ಯಾಹ್ನ, ಬರುವುದಾದರೆ ಬಾ, ಎಂದೆ.

ಅವನು ಬರಲಿಲ್ಲ.